ಮಕ್ಕಳ ತಾಟು

ಒಂಬತ್ತು ವರ್ಷದವನಿದ್ದಾಗ ಅವ್ವನಿಗೆ ಒಂದು ಮಾತು ಕೊಟ್ಟಿದ್ದೆ: ನನ್ನ ಕಣ್ಣೆದುರು ಯಾವ ತಾಟಿನ ಅನ್ನವನ್ನೂ ಚೆಲ್ಲಗೊಡುವುದಿಲ್ಲ. ಅಂದು ನಾನು ಅರ್ಧ ತಿಂದು ಹಿತ್ತಲಿಗೆ ಎಸೆದ ರೊಟ್ಟಿಯನ್ನು ಅವ್ವ ಎತ್ತಿ, ಸೆರಗಿನಿಂದ ಮಣ್ಣು ಒರೆಸಿ, ತಾನೇ ತಿಂದಿದ್ದಳು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಈಗ ನನಗೆ ನಲವತ್ತೊಂದು. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಮಷೀನಿಗೆ ಕಬ್ಬಿಣದ ತಗಡು ಎತ್ತಿ ಕೊಡುವ ಕೆಲಸ. ಹರ್ನಿಯಾ ಆಗಿ ಭಾರ ಎತ್ತುವಂತಿಲ್ಲ. ಮೂರು ತಿಂಗಳು ಸ್ಟೋರಿನಲ್ಲಿ ಕೂರಿಸಿದ್ದಾರೆ. ಅಷ್ಟರೊಳಗೆ ಆಪರೇಷನ್ ಆಗದಿದ್ದರೆ ನನ್ನ ಜಾಗಕ್ಕೆ ಬೇರೆಯವರು. ಡಾಕ್ಟರ್ ಮೇಡಂ ತೂಕ ನೋಡಿ ತೊಂಬತ್ತೊಂದು ಎಂದು ಬರೆದುಕೊಂಡರು.

"ಎಂಬತ್ತಾರಕ್ಕೆ ಇಳಿಸ್ಕೊಂಡು ಬನ್ನಿ, ಡೇಟ್ ಕೊಡ್ತೀನಿ. ಇಷ್ಟು ಹೊಟ್ಟೆ ಇಟ್ಕೊಂಡು ಹೊಲಿಗೆ ಹಾಕಿದ್ರೆ ನಿಲ್ಲಲ್ಲ."

ಅಂದಿನಿಂದ ಕ್ಯಾಂಟೀನಿನ ನಾಲ್ಕು ಗಂಟೆಯ ಬೋಂಡಾ ಬಿಟ್ಟೆ. ಚಹಾಕ್ಕೆ ಸಕ್ಕರೆ ಬಿಟ್ಟೆ. ಡಬ್ಬಿಯಲ್ಲಿ ಎರಡೇ ರೊಟ್ಟಿ, ಪಲ್ಯ. ನಮ್ಮ ಕಡೆಯವರು ಯಾರೇ ಊರಿಗೆ ಹೋಗಿ ಬಂದರೂ ತಂದ ಬುತ್ತಿ ಬಿಚ್ಚಿ ಎಲ್ಲರ ಕೈಗೂ ಹಾಕುತ್ತಾರೆ; ಒಲ್ಲೆ ಎಂದರೆ ಮುನಿಸು. ಜೊತೆಯ ಕೆಲಸಗಾರ ಈಶಪ್ಪ ಶೇಂಗಾ ಹೋಳಿಗೆ ತಂದ ದಿನ ಕೈ ಹಿಂದೆ ಕಟ್ಟಿ ನಿಂತೆ.

"ತಿನ್ನೋ ಮಾರಾಯಾ. ಒಂದು ಹೋಳಿಗಿಗೆ ನಿನ್ನ ಹೊಟ್ಟಿ ಹೆರಿಗಿಗೆ ಬರಂಗಿಲ್ಲ."

"ಒಲ್ಲೆಪಾ."

"ನಮ್ಮವ್ವ ಮಾಡಿದ್ದಲೇ. ಫೋನ್ ಹಚ್ಚಿ ಹೇಳ್ತೀನಿ, ಬಸಲಿಂಗ ಭಾಳ ದೊಡ್ಡಾಂವ ಆಗ್ಯಾನ ಅಂತ."

ಬೆಲ್ಲದ ವಾಸನೆ ಸಂಜೆಯವರೆಗೂ ಮೂಗಿನಲ್ಲಿತ್ತು. ತಿನ್ನಲಿಲ್ಲ.

ತಿಂಗಳು ಕಳೆದು ತೂಗಿದರೆ ಮತ್ತೆ ತೊಂಬತ್ತೊಂದೇ. ಮೇಡಂ ಹಳೆಯ ಅಂಕಿಯ ಕೆಳಗೆ ಅದನ್ನೇ ಬರೆದು ಚೀಟಿ ಕೈಗಿಟ್ಟರು. ಕದ್ದು ತಿನ್ನುತ್ತಾನೆ ಎಂದುಕೊಂಡಿರಬೇಕು. ದಾಸರಹಳ್ಳಿಯ ಬಾಡಿಗೆ ಮನೆಗೆ ಬಂದು ಹೆಂಡತಿ ಮಹಾನಂದಾಳ ಮುಂದೆ ಹೇಳಿಕೊಂಡೆ. ಅವಳು ಗಾರ್ಮೆಂಟ್ಸಿನಿಂದ ತಡವಾಗಿ ಬರುತ್ತಾಳೆ. ಇಬ್ಬರು ಹೆಣ್ಣುಮಕ್ಕಳಿಗೆ ಉಣಬಡಿಸುವುದು ನಾನೇ.

"ಹುಡುಗ್ಯಾರು ತಾಟಿನ್ಯಾಗ ಬಿಟ್ಟಿದ್ದು ಯಾರು ತಿಂತಾರ್ರಿ?"

"ನಾನ."

"ಮತ್ತ?"

"ಅದು ಉಂಡಂಗೇನ? ತಾಟು ಖಾಲಿ ಮಾಡೂದು."

"ಹೊಟ್ಟಿಗೆ ಗೊತ್ತಾಗ್ತೈತೇನ್ರಿ, ಇದು ಉಂಡಿದ್ದು, ಇದು ಖಾಲಿ ಮಾಡಿದ್ದು ಅಂತ?"

ದೊಡ್ಡವಳು ಬಿಟ್ಟ ತುಪ್ಪದ ಚಪಾತಿ, ಚಿಕ್ಕವಳ ಅರ್ಧ ತಾಟು ಅನ್ನ. ದಿನವೂ ನಲ್ಲಿಯ ಮುಂದೆ ನಿಂತೇ ಮುಗಿಸುತ್ತಿದ್ದೆ. ನಿಂತು ತಿಂದದ್ದು ಊಟವೆಂದು ಅನ್ನಿಸಿರಲೇ ಇಲ್ಲ.

ಮರುದಿನ ಕಡಿಮೆ ಬಡಿಸಿದೆ. ಚಿಕ್ಕವಳು ಇನ್ನೂ ಬೇಕೆಂದು ಹಾಕಿಸಿಕೊಂಡು, ಎಂದಿನಂತೆ ಬಿಟ್ಟಳು.

"ಇನ್ನೆರಡು ತುತ್ತು, ಭಾಗ್ಯಾ."

"ಜಾಗ ಇಲ್ಲ ಅಪ್ಪಾ. ನೀನೇ ತಿನ್ಕೋ, ದಿನಾ ತಿಂತೀಯಲ್ಲ."

ಬೇಳೆ ಸಾರು ಕಲಸಿದ ಅನ್ನ, ಪಕ್ಕದಲ್ಲಿ ಮೆತ್ತಗಾದ ಒಂದು ಸಂಡಿಗೆ. ಕಲಸಿದ್ದನ್ನು ನಾಳೆಗೆ ಇಡಲಾಗದು. ತಾಟು ಹಿಡಿದು ನಲ್ಲಿಯ ಮುಂದೆ ನಿಂತೆ. ತಿನ್ನು ಎನ್ನುತ್ತಿದ್ದುದು ಅವ್ವನ ಮಾತೋ ನನ್ನ ಆಸೆಯೋ, ಹೇಳಲಾರೆ. ಇಷ್ಟು ವರ್ಷ ಎರಡೂ ಒಂದೇ ಬಾಯಲ್ಲಿ ಉಂಡಿದ್ದವು.

ಹಸಿ ಕಸದ ಬಕೆಟ್ಟಿನ ಮುಚ್ಚಳ ತೆಗೆದು, ಅನ್ನವನ್ನು ಬೆರಳಿನಿಂದ ಬಳಿದು ಹಾಕಿದೆ. ಭಾಗ್ಯಾ ನೋಡುತ್ತಿದ್ದಳು. ಕೈ ತೊಳೆದುಕೊಂಡ ಮೇಲೂ ಸಾರಿನ ವಾಸನೆ ಹೋಗಲಿಲ್ಲ.

ಮಕ್ಕಳು ಬಿಟ್ಟ ದಿನಗಳಲ್ಲೆಲ್ಲ ಹಾಗೆಯೇ ಹಾಕಿದೆ. ಹನ್ನೊಂದನೆಯ ವಾರ ಎಂಬತ್ತಾರಕ್ಕೆ ಇಳಿದೆ. ಮೇಡಂ ಬರುವ ಗುರುವಾರಕ್ಕೆ ಆಪರೇಷನ್ ಬರೆದುಕೊಟ್ಟರು. ಅವ್ವನಿಗೆ ಕೊಟ್ಟ ಮಾತನ್ನು ನಾನು ಮುರಿದೆ.