ಹಡ್ಡಾಸುರನಿಗೆ ಸಿಂಹಾಸನ

ಹಿಂದವಾಡಿಯ ನಮ್ಮ ಗಲ್ಲಿಯಲ್ಲಿ ನೇಮಣ್ಣನ ಮನೆ ಎಲ್ಲಿ ಅಂತ ಕೇಳಿ ನೋಡಿ, ಯಾರಿಗೂ ಗೊತ್ತಿಲ್ಲ. ಹಡ್ಡಾಸುರನ ಮನೆ ಎಲ್ಲಿ ಅನ್ನಿ, ಆಡುವ ಕೂಸೂ ಕೈ ಹಿಡಿದು ಕರೆದೊಯ್ದು ಬಾಗಿಲ ಮುಂದೆ ನಿಲ್ಲಿಸುತ್ತದೆ. ನನ್ನ ಬಾಜು ಮನೆಯ ಈ ಗೆಳೆಯನಿಗೆ ಎಪ್ಪತ್ತು ದಾಟಿತು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುತ್ತಾನೆ, ಇರುವೆ ತುಳಿದೇನೆಂದು ನೆಲ ನೋಡಿಕೊಂಡು ನಡೆಯುತ್ತಾನೆ. ಏನು ಮಾಡಿದರೇನು, ಊರಿಗೆ ಅವನು ಎಲುಬು ಕಡಿಯುವ ರಾಕ್ಷಸನೇ.

ಅದಕ್ಕೆ ಕಾರಣ ಒಂದು ಸೀರಿಯಲ್. ಮೂವತ್ತು ವರ್ಷದ ಹಿಂದೆ ಪ್ರತಿ ರವಿವಾರ ಮುಂಜಾನೆ ಟಿವಿಯಲ್ಲಿ ‘ಕಿರಣವೀರ’ ಬರುತ್ತಿತ್ತು. ನಾಯಕ ಹಸಿರು ಬಿಗಿ ಅಂಗಿ ತೊಟ್ಟು, ಬಂಗಾರದ ಬಣ್ಣ ಬಳಿದ ಹೆಲ್ಮೆಟ್ ಹಾಕಿಕೊಂಡು ಆಕಾಶದಲ್ಲಿ ಹಾರುತ್ತಿದ್ದ. ಸೊಂಟಕ್ಕೆ ಕಟ್ಟಿದ ತಂತಿ ಕುರುಡನಿಗೂ ಕಾಣುತ್ತಿತ್ತು. ಅವನು ಒರಗಿದರೆ ರಟ್ಟಿನ ಗುಡ್ಡ ಅಲ್ಲಾಡುತ್ತಿತ್ತು. ಕೋಡು ಕಟ್ಟಿಕೊಂಡ ಹಡ್ಡಾಸುರ ಎಲುಬು ಕಡಿಯುತ್ತ ಬಂದು ಹೊಟ್ಟೆ ಕುಲುಕಿಸಿ ನಗುತ್ತಿದ್ದ. ಕಿರಣವೀರ ಎರಡು ಮುಷ್ಟಿ ಜೋಡಿಸಿ ಕಿರಣ ಬಿಟ್ಟನೆಂದರೆ ಹಡ್ಡಾಸುರ ಗಿರಗಿರ ತಿರುಗಿ ಅಂಗಾತ ಬೀಳುತ್ತಿದ್ದ. ಮುಂದಿನ ರವಿವಾರ ಮತ್ತೆ ಹಾಜರಾಗುತ್ತಿದ್ದ.

ಈಗ ಅದೇ ಸೀರಿಯಲ್ ಮೊಬೈಲಿಗೆ ಬಂದಿದೆ. ಅಪ್ಪಂದಿರು ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನೋಡುತ್ತಾರೆ, ತಂತಿ ಕಂಡಾಗಲೆಲ್ಲ ಇಬ್ಬರೂ ಬಿದ್ದುಬಿದ್ದು ನಗುತ್ತಾರೆ. ಇಷ್ಟು ವರ್ಷವಾದರೂ ಜನ ಇದನ್ನೇ ಯಾಕೆ ನೋಡುತ್ತಾರೆಂದು ನಾನು ಬಹಳ ವಿಚಾರ ಮಾಡಿದ್ದೇನೆ. ಎಲ್ಲ ಸುಳ್ಳೆಂದು ಕಣ್ಣಿಗೇ ಕಾಣುವಾಗ ಹೆದರಿಕೆಯೂ ಇಲ್ಲ, ಪಾಪದ ಅಂಜಿಕೆಯೂ ಇಲ್ಲ. ಎಷ್ಟು ಹೊಡೆದರೂ ಎದ್ದು ಬಂದು ಮತ್ತೆ ಹೊಡೆಸಿಕೊಳ್ಳುವವನೊಬ್ಬ ಸಿಕ್ಕರೆ ಯಾರು ಬಿಟ್ಟಾರು? ಅದಕ್ಕೆ ಅವರು ಪ್ರೀತಿ ಅಂತ ಹೆಸರಿಟ್ಟಿದ್ದಾರೆ.

ಆ ಸೀರಿಯಲ್ ತಯಾರಾಗುವ ಕಾಲಕ್ಕೆ ನೇಮಣ್ಣ ವಡಗಾವಿಯ ನೇಕಾರರ ಸೀರೆ ಹೊತ್ತುಕೊಂಡು ಮುಂಬೈಗೆ ಮಾರಲು ಹೋಗುತ್ತಿದ್ದ. ರಾಕ್ಷಸನ ಗುಹೆಗೆ ಪರದೆ ಬೇಕೆಂದು ಸೀರೆ ಕೊಳ್ಳಲು ಬಂದ ಸೀರಿಯಲ್ಲಿನವರು ಅವನ ಆರಡಿ ಮೈ ನೋಡಿದರು, ಗುಡುಗಿನಂಥ ದನಿ ಕೇಳಿದರು, ಸೀರೆಯ ಜೊತೆ ಅವನನ್ನೂ ಕರೆದೊಯ್ದು ಹಡ್ಡಾಸುರನ ಕೋಡು ಕಟ್ಟಿದರು. ಎಲುಬೆಂದರೆ ಮೂಲಂಗಿ, ಕಡಿದರೆ ಕರುಂ ಅನ್ನಬೇಕಲ್ಲ. ಆದರೆ ನೆಲದೊಳಗೆ ಬೆಳೆದ ಗಡ್ಡೆಯನ್ನು ಅವನ ಜೈನ ಮನೆತನದಲ್ಲಿ ಯಾರೂ ಮುಟ್ಟಿದವರಲ್ಲ. ಕಡಿದು ಉಗುಳುತ್ತಿದ್ದೆ ಎಂದು ಅವನು ಇವತ್ತಿಗೂ ಹೇಳುತ್ತಾನೆ. ಗಂಟಲು ನುಂಗಿದ್ದನ್ನು ಮಾತ್ರ ಊರೆಲ್ಲ ಟಿವಿಯಲ್ಲಿ ನೋಡಿತ್ತು.

ನಕ್ಕದ್ದು ಅವನನ್ನು ನೋಡಿ, ಪೆಟ್ಟು ಬಿದ್ದದ್ದು ಹೆಂಡತಿ ಸೋನಾಬಾಯಿಗೆ. ಬಸದಿಯಲ್ಲಿ ಪೂಜೆಯ ಪಾತ್ರೆ ತೊಳೆಯಲು ಕುಳಿತವಳ ಕೈಯಿಂದ ನಾದಿನಿ ಕಾಂತಾ ಕಲಶ ಕಸಿದುಕೊಂಡಳು.

“ನಿಮ್ಮ ಮನ್ಯಾಗ ಏನೇನ್ ತಿಂತೀರೋ ಯಾರಿಗ್ಗೊತ್ತ. ಇದನ್ನ ಮುಟ್ಟಬ್ಯಾಡ್ರಿ ವೈನಿ.”

ಕುಳಿತವರೆಲ್ಲ ನಕ್ಕರು. ಸೋನಾಬಾಯಿ ಕೈ ಒರೆಸಿಕೊಂಡು ಎದ್ದು ಬಂದವಳು ಮತ್ತೆ ಬಸದಿಯ ಮೆಟ್ಟಿಲು ತುಳಿಯಲಿಲ್ಲ. ಗಂಡನನ್ನು ಬೈಯಲೂ ಇಲ್ಲ. ಹೊತ್ತಿಗೆ ಸರಿಯಾಗಿ ಬಡಿಸುತ್ತಿದ್ದಳು, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ಅದಕ್ಕಿಂತ ಬೈಗುಳವೇ ವಾಸಿ ಎಂದು ನೇಮಣ್ಣ ನನ್ನ ಮುಂದೆ ಅತ್ತದ್ದುಂಟು.

ಹೀಗೇ ಮೂವತ್ತು ವರ್ಷ ಕಳೆದ ಮೇಲೆ ಖಾನಾಪುರದಿಂದ ಪಾರ್ಶ್ವ ಬಂದ. ಕಟ್ಟಿಗೆ ವ್ಯಾಪಾರಿ, ಅಲ್ಲಿ ಹೊಸದಾಗಿ ಕಟ್ಟಿದ ಬಸದಿಯ ಕಮಿಟಿಗೆ ಅಧ್ಯಕ್ಷ. ಮೂರ್ತಿಯ ಪ್ರತಿಷ್ಠೆಗೆ ಪಂಚಕಲ್ಯಾಣ ಮಾಡುವಾಗ ತೀರ್ಥಂಕರನ ಜೀವನದ ಐದು ಮಂಗಳಗಳನ್ನು ಸಮಾಜದ ಜನರೇ ಪಾತ್ರ ವಹಿಸಿ ನಡೆಸಿಕೊಡುತ್ತಾರೆ. ಒಬ್ಬ ಇಂದ್ರನಾದರೆ ಇನ್ನೊಬ್ಬ ಕುಬೇರ. ತೀರ್ಥಂಕರನ ತಂದೆ ತಾಯಿಯಾದ ರಾಜ ರಾಣಿಯ ಸ್ಥಾನ ಎಲ್ಲಕ್ಕಿಂತ ದೊಡ್ಡದು, ಗಂಡ ಹೆಂಡತಿ ಜೋಡಿಯಾಗಿಯೇ ಸಿಂಹಾಸನದಲ್ಲಿ ಕೂರಬೇಕು. ಹಾಗೆ ಕುಳಿತವರ ಕಾಲನ್ನು ಜನ ಮುಟ್ಟಿ ನಮಸ್ಕರಿಸುತ್ತಾರೆ.

“ಕಾಕಾ, ಈ ಸಲ ಮಹಾರಾಜ ನೀವ. ಕಾಕು ಮಹಾರಾಣಿ,” ಅಂದ ಪಾರ್ಶ್ವ.

“ನಾನ? ಜನ ಏನಂದಾರೋ ತಮ್ಮಾ?”

“ಜನ ನಿಮ್ಮನ್ನ ಎಷ್ಟ ಪ್ರೀತಿ ಮಾಡ್ತಾರ ನಿಮಗ ಗೊತ್ತಿಲ್ರಿ. ನಾ ಸಣ್ಣಾಂವ ಇದ್ದಾಗ ಟಾವೆಲ್ ಕಟ್ಕೊಂಡ ಟಿವಿ ಮುಂದ ನಿಂತು ನಿಮ್ಮ ಮ್ಯಾಲ ಕಿರಣ ಬಿಡ್ತಿದ್ದೆ.”

ಪಾರ್ಶ್ವ ಹೋದ ಮೇಲೆ ನೇಮಣ್ಣ ಹುಡುಗನ ಹಾಗೆ ಅಡುಗೆಮನೆಗೆ ಓಡಿದ.

“ಸೋನಾ, ನೀ ತೀರ್ಥಂಕರರ ತಾಯಿ ಆಗ್ತೀ! ಕಲಶ ಕಸಗೊಂಡಾಕಿ ಬಂದು ನಿನ್ನ ಕಾಲ ಮುಟ್ಟಬೇಕ ಈಗ.”

ಸೋನಾಬಾಯಿ ಒಲೆ ಸಣ್ಣ ಮಾಡಿದಳು. ಆಮೇಲೆ, “ಅಲ್ಲಿ ಆ ನಗಿ ನಗೂದಿಲ್ಲ ಅಂತ ಆಣಿ ಮಾಡ್ರಿ,” ಅಂದಳು.

“ನಿನ್ನಾಣಿ. ಸತ್ತರೂ ನಗೂದಿಲ್ಲ.”

ಅಂದಿನಿಂದ ಆ ಮನೆಯಲ್ಲಿ ಮಾತು ಕೇಳಿಸತೊಡಗಿತು. ತೀರ್ಥಂಕರ ಗರ್ಭಕ್ಕೆ ಬರುವ ಮುನ್ನ ರಾಣಿ ಹದಿನಾರು ಕನಸು ಕಾಣುತ್ತಾಳೆ. ತುಂಬಿದ ಸಭೆಯಲ್ಲಿ ಅವಳು ಕನಸು ಹೇಳಬೇಕು, ರಾಜ ಅವುಗಳ ಫಲ ಹೇಳಬೇಕು. ಗಂಡ ಹೆಂಡತಿ ದಿನಾಲೂ ಪಡಸಾಲೆಯಲ್ಲಿ ಕುಳಿತು ಅದನ್ನೇ ಬಾಯಿಪಾಠ ಮಾಡುತ್ತಿದ್ದರು. ಒಂದು ಸಲ ಅವನು ಸಿಂಹದ ಫಲವನ್ನು ಎತ್ತಿಗೆ ಹೇಳಿದ, ಅವಳು ಕಿಲಕಿಲ ನಕ್ಕಳು. ಗೋಡೆಯ ಈಚೆ ಕೇಳುತ್ತಿದ್ದ ನನಗೇ ಕಣ್ಣು ಒದ್ದೆಯಾಯಿತು.

ಪಂಚಕಲ್ಯಾಣದ ದಿನ ಪಾರ್ಶ್ವ ಕಳಿಸಿದ ಕಾರಿನಲ್ಲಿ ನಾನೂ ಅವರ ಜೊತೆ ಹೋದೆ. ನೇಮಣ್ಣ ಕಣ್ಣು ಮುಚ್ಚಿ ಫಲಗಳನ್ನು ಮಣಮಣಿಸುತ್ತಿದ್ದ. ಖಾನಾಪುರ ಹೊಕ್ಕ ಕೂಡಲೇ ರಸ್ತೆಯ ಬದಿಗೆ ಮನೆಯೆತ್ತರದ ಬ್ಯಾನರ್. ಅದರಲ್ಲಿ ನೇಮಣ್ಣನ ಎರಡು ಮುಖ, ಒಂದಕ್ಕೆ ಕಿರೀಟ, ಇನ್ನೊಂದಕ್ಕೆ ಕೋಡು. ‘ನಿಮ್ಮ ನೆಚ್ಚಿನ ಹಡ್ಡಾಸುರ ಈಗ ಮಹಾರಾಜ! ಮಕ್ಕಳನ್ನು ತಪ್ಪದೇ ಕರೆತನ್ನಿ!’ ನನಗೆ ಮೈ ಉರಿದುಹೋಯಿತು. ಸೋನಾಬಾಯಿ ಅದನ್ನು ಕೊನೆಯ ಅಕ್ಷರದವರೆಗೂ ಓದಿದಳು. ಕಾರು ತಿರುಗಿಸಲು ಹೇಳುತ್ತಾಳೆಂದು ಕಾದೆ. ಅವಳು ಗಂಡನ ಕಡೆ ನೋಡಿದಳು, ಆಣೆ ಮಾಡಿದ್ದಾನಲ್ಲ ಎಂದು ನಂಬಿದಳೋ ಏನೋ, ಸೆರಗು ಸರಿಮಾಡಿಕೊಂಡಳು.

ಪೆಂಡಾಲಿನಲ್ಲಿ ಸಾಸಿವೆ ಹಾಕಲೂ ಜಾಗವಿರಲಿಲ್ಲ. ನಂದಗಡದಿಂದ ಟೆಂಪೋ ತುಂಬಿ ಬಂದಿದ್ದರು, ಹಸಿರು ಬನಿಯನ್ ಹಾಕಿಸಿಕೊಂಡ ಮಕ್ಕಳು ಎಲ್ಲೆಲ್ಲೂ. ಮುಂದಿನ ಸಾಲಿನಲ್ಲಿ ನಾದಿನಿ ಕಾಂತಾ ಕೈ ಮುಗಿದು ಕುಳಿತಿದ್ದಳು. ಕಿರೀಟವಿಟ್ಟುಕೊಂಡ ಸೋನಾಬಾಯಿ ಮೈಕಿನಲ್ಲಿ ಕನಸು ಹೇಳತೊಡಗಿದಳು. ಬಿಳಿಯ ಆನೆ, ಎತ್ತು, ಸಿಂಹ, ಚಂದ್ರ, ಸೂರ್ಯ, ತಾವರೆ ತುಂಬಿದ ಕೊಳ, ಹೊಗೆಯಿಲ್ಲದ ಬೆಂಕಿ. ಒಂದಕ್ಷರ ತಪ್ಪಲಿಲ್ಲ. ಅಷ್ಟು ಜನ ಉಸಿರು ಬಿಗಿಹಿಡಿದು ಕೇಳಿದರು. ಕಾಂತಾ ಕಣ್ಣೊರೆಸಿಕೊಂಡಳು. ಮೂವತ್ತು ವರ್ಷ ಬಗ್ಗಿಸಿದ್ದ ಕತ್ತು ಎತ್ತಿ ಸೋನಾಬಾಯಿ ಅವಳನ್ನು ನೋಡಿದಳು.

ಆಮೇಲೆ ನೇಮಣ್ಣ ಮೈಕು ತೆಗೆದುಕೊಂಡ.

“ದೇವಿ, ನೀನು ಕಂಡ ಕನಸುಗಳ ಫಲವನ್ನು ಕೇಳು...”

ಆ ದನಿಗೇನು ಮಾಡುವುದು? ಮುಖಕ್ಕೆ ಗಡ್ಡ ಅಂಟಿಸಬಹುದು, ತಲೆಗೆ ಕಿರೀಟ ಇಡಬಹುದು. ಸ್ಪೀಕರಿನಿಂದ ಹೊರಬಂದದ್ದು ರವಿವಾರ ಮುಂಜಾನೆಯ ಅದೇ ದನಿ.

“ಹಡ್ಡಾಸುರ!” ಎಂದು ಹಿಂದಿನಿಂದ ಯಾರೋ ಕೂಗಿದರು. ಸಿಳ್ಳೆ ಬಿತ್ತು. “ನಗು! ನಗು!” ಎಂದು ಶುರುವಾದದ್ದು ಪೆಂಡಾಲೆಲ್ಲ ಹಬ್ಬಿತು. ಮೀಸೆ ನರೆತವರೂ ಎದ್ದು ನಿಂತು ಮುಷ್ಟಿ ಜೋಡಿಸಿ ಕಿರಣ ಬಿಟ್ಟರು. ಪಂಡಿತರು ಕೈ ಎತ್ತಿ ಎತ್ತಿ ಸೋತು ಕುಳಿತರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಪಾರ್ಶ್ವ ಬಗ್ಗಿಕೊಂಡು ಸಿಂಹಾಸನದ ಹತ್ತಿರ ಬಂದ.

“ಕಾಕಾ, ಒಮ್ಮೆ ನಕ್ಕು ಬಿದ್ದುಬಿಡ್ರಿ. ಜನ ಶಾಂತ ಆಗ್ತಾರ. ಆಮ್ಯಾಲ ಫಲ ಹೇಳೀರಂತ.”

“ಬ್ಯಾಡೋ ಪಾರ್ಶ್ವ, ಆಣಿ ಮಾಡೀನಿ.”

“ಹಂಗಾರ ಕಾರ್ಯಕ್ರಮ ಇಲ್ಲಿಗೇ ಮುಗೀತ್ರಿ. ಕಾಕುನ ಕನಸು ಹಂಗ ಉಳೀತಾವ.”

ನೇಮಣ್ಣ ಹೆಂಡತಿಯ ಕಡೆ ತಿರುಗಿದ. ಅವಳು ಬೇಡವೆಂದು ತಲೆಯಾಡಿಸಿದಳು. ಗದ್ದಲ ಏರುತ್ತಲೇ ಇತ್ತು.

“ಒಮ್ಮೆ ಅಷ್ಟ ಸೋನಾ. ನಿನ್ನ ಕನಸಿನ ಸಲುವಾಗಿ,” ಅಂದವನೇ ಎದ್ದು ನಿಂತು ನಕ್ಕ. ಹೊಟ್ಟೆ ಕುಲುಕಿತು, ಪೆಂಡಾಲು ನಡುಗಿತು. ಗಿರಗಿರ ತಿರುಗಿ ಅಂಗಾತ ಬಿದ್ದ. ಕಿರೀಟ ಉರುಳಿ ವೇದಿಕೆಯಿಂದ ಕೆಳಗೆ ಹೋಯಿತು. ಜನ ಕುಣಿದರು. ಕಾಂತಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಕಣ್ಣೀರು ಇನ್ನೂ ಆರಿರಲಿಲ್ಲ.

ನೇಮಣ್ಣ ಬಿದ್ದಲ್ಲಿಂದಲೇ ಕೈ ಮುಗಿದು, “ಆತಲ್ರಿ, ಇನ್ನ ಫಲ ಕೇಳ್ರಿ,” ಅಂದ. ಮೊಣಕೈ ಒಡೆದು ರಕ್ತ ಬರುತ್ತಿತ್ತು.

ಸೋನಾಬಾಯಿ ಮೈಕನ್ನು ತನ್ನ ಕಡೆ ಎಳೆದುಕೊಂಡಳು. ರಾಣಿ ಮಾತಾಡುತ್ತಾಳೆಂದು ಜನ ಗಪ್ಪಾದರು.

“ಹಿಂದ ಕುಂತವರಿಗೆ ಕಾಣಲಿಲ್ಲಂತ್ರೀ,” ಅಂದಳು ಗಂಡನಿಗೆ, ತಣ್ಣಗೆ. “ಏಳ್ರಿ. ಇನ್ನೊಮ್ಮೆ ಬೀಳ್ರಿ.”

ನೇಮಣ್ಣ ನೆಲಕ್ಕೆ ಕೈಯೂರಿ ಮೆಲ್ಲಗೆ ಎದ್ದ.