ಎಣ್ಣೆ ಕುಡಿದ ನೆಲ

ನಾನು ಕೊಳ್ಳೇಗಾಲದ ಒಂದು ಸಣ್ಣ ಮನೆಯ ಕಾವಿ ನೆಲ. ಸಿಮೆಂಟಿಗೆ ಕೆಂಪು ಪುಡಿ ಕಲಸಿ ನನ್ನನ್ನು ನಡುಮನೆಗೆ ಹಾಸಿದರು. ಹಸಿ ಆರುವ ಮೊದಲೇ ನುಣುಪುಗಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ತಂದರು. ಮೊದಲು ಒಬ್ಬ ರೇಷ್ಮೆ ವ್ಯಾಪಾರಿಯ ಮೂಟೆಗಳನ್ನು ಹೊತ್ತೆ. ಅವನು ಮನೆ ಮಾರಿದ ಮೇಲೆ ಮಗ್ಗದ ಗುರುಮಲ್ಲಪ್ಪ, ಹೆಂಡತಿ ಚಿಕ್ಕತಾಯಮ್ಮ, ಪುಟ್ಟ ಮಗಳು ಮಾದೇವಿ ಬಂದರು.

ಮಾದೇವಿಯ ಕಾಲಿಗೆ ಬಲ ಬರಲೇ ಇಲ್ಲ. ಅಂಗೈ ಊರಿ, ಮಂಡಿ ಎಳೆದುಕೊಂಡು ಜರುಗುತ್ತಿದ್ದಳು. ಮಂಡಿ ತರಚಿ ರಕ್ತ ಬಂದ ದಿನ ಚಿಕ್ಕತಾಯಮ್ಮ ಬಟ್ಟೆಗೆ ಕೊಬ್ಬರಿ ಎಣ್ಣೆ ಅದ್ದಿ ನನ್ನನ್ನು ಒರೆಸಿದಳು. ಆಮೇಲೆ ಅದೇ ರೂಢಿಯಾಯಿತು. ಅನ್ನ ಬೇಯುವಷ್ಟರಲ್ಲಿ ಒಂದು ಮೂಲೆ, ಬಟ್ಟೆ ಹಿಂಡಿ ಬಂದು ಇನ್ನೊಂದು ಮೂಲೆ. ಮಾದೇವಿ ಜಾರುತ್ತ ನಗುವಾಗ ಅವಳ ಭಾರವೇ ನನಗೆ ತಿಳಿಯುತ್ತಿರಲಿಲ್ಲ.

ಒಂದು ಮಳೆಗಾಲ ಜ್ವರ ಬಂದು ಮಾದೇವಿ ಹೋದಳು. ಚಿಕ್ಕತಾಯಮ್ಮ ಎಣ್ಣೆ ಒರೆಸುವುದನ್ನು ಬಿಡಲಿಲ್ಲ. ಗುರುಮಲ್ಲಪ್ಪ ಬೇಡವೆನ್ನಲಿಲ್ಲ, ಗೋಡೆ ಹಿಡಿದು ನಡೆಯುವುದನ್ನು ಕಲಿತ. ಆದರೂ ಒಂದು ಬೆಳಿಗ್ಗೆ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟವೆಂದರಂತೆ ಡಾಕ್ಟರು. ಒರಟು ಟೈಲ್ಸ್ ಹಾಕಿಸುವುದೆಂದಾಯಿತು.

ಗಾರೆ ಸಿದ್ದಶೆಟ್ಟಿ ಬಂದ. ನನ್ನನ್ನು ಕೆತ್ತದೆ ಮೇಲೆಯೇ ಅಂಟಿಸಿಬಿಡು ಎಂದು ಚಿಕ್ಕತಾಯಮ್ಮ ಕೇಳಿಕೊಂಡಳು. ಮಗಳು ಜಾರಿ ಆಡಿದ ನೆಲ ಅಡಿಯಲ್ಲಾದರೂ ಹಾಗೆಯೇ ಇರಲಿ ಎಂಬುದು ಅವಳ ಆಸೆ. ಸಿದ್ದಶೆಟ್ಟಿ ಒಂದು ಚೊಂಬು ನೀರು ಸುರಿದ. ಅದು ಕೆಸುವಿನೆಲೆಯ ಮೇಲಿನಂತೆ ಹನಿಹನಿಯಾಗಿ ಉರುಳಿತು.

"ನೀರೇ ಹಿಡೀತಿಲ್ವಲ್ಲವ್ವ, ಸಿಮೆಂಟು ಹೆಂಗ್ ಹಿಡ್ದದು?" ಎಂದು ನಕ್ಕ. "ನೆಲುಕ್ಕೆ ದಿನಾ ದೀಪಾವಳಿ ಸ್ನಾನ ಮಾಡ್ಸಿದ್ರಾ?"

ಚಿಕ್ಕತಾಯಮ್ಮ ತಲೆ ತಗ್ಗಿಸಿದಳು. ಮೂಲೆಯ ಕುರ್ಚಿಯಿಂದ ಗುರುಮಲ್ಲಪ್ಪ ಮೆಲ್ಲಗೆ ಹೇಳಿದ: "ನೆಲುಕ್ಕಲ್ಲ ಕಣಪ್ಪ. ನಮ್ ಮಗಳ ಮಂಡಿಗೆ."

ಸಿದ್ದಶೆಟ್ಟಿಯ ನಗು ನಿಂತಿತು. ಎಣ್ಣೆ ಕುಡಿದ ನೆಲದ ಮೇಲೆ ಹಾಗೇ ಅಂಟಿಸಿದರೆ ಟೈಲ್ಸ್ ಎದ್ದು ಬರುತ್ತದೆ, ಯಜಮಾನರು ಮತ್ತೆ ಎಡವುತ್ತಾರೆ ಎಂದು ತಗ್ಗಿದ ದನಿಯಲ್ಲಿ ತಿಳಿಸಿದ. ಚಿಕ್ಕತಾಯಮ್ಮ ಗಂಡನ ಊರುಗೋಲನ್ನೇ ನೋಡುತ್ತ ನಿಂತಳು.

"ಹೊಡಿಯಪ್ಪ," ಎಂದಳು.

ಉಳಿ ಬಿತ್ತು. ನುಣುಪೆಲ್ಲ ಕೆಂಪು ಪುಡಿಯಾಗಿ ಎದ್ದಿತು, ಮೈತುಂಬ ಗುಳಿ. ಅವಳು ಹೊಸ್ತಿಲ ಬಳಿಯೇ ಕುಳಿತಿದ್ದಳು, ಒಳಗೆ ಹೋಗಲಿಲ್ಲ. ಪುಡಿ ಗುಡಿಸಿ, ತೊಳೆದು, ಸಿಮೆಂಟಿನ ಹಾಲು ಸುರಿದಾಗ ಒಂದೊಂದು ಗುಳಿಯಲ್ಲೂ ಅದನ್ನು ಬಿಗಿಯಾಗಿ ಹಿಡಿದುಕೊಂಡೆ. ಗುರುಮಲ್ಲಪ್ಪ ಇನ್ನು ಬೀಳಬಾರದು.

ಟೈಲ್ಸ್ ಕಚ್ಚಿಕೊಂಡ ಮೇಲೆ ಗುರುಮಲ್ಲಪ್ಪ ಗೋಡೆ ಮುಟ್ಟದೆ ಬಚ್ಚಲಿನವರೆಗೆ ನಡೆದ. ಹಿಂದೆಯೇ ಕೈಚಾಚಿಕೊಂಡು ಬಂದ ಚಿಕ್ಕತಾಯಮ್ಮ ನಡುಮನೆಯಲ್ಲೇ ಕುಸಿದು ಕುಳಿತು ಅತ್ತಳು. ಆ ಮನೆಯಲ್ಲಿ ಅವಳ ಕಣ್ಣೀರು ನನ್ನ ಮೇಲೆ ಬೀಳದೆ ಹೋದದ್ದು ಅದೇ ಮೊದಲು. ಮೇಲೆ ಅವಳು ಸೆರಗಿನಿಂದ ಟೈಲ್ಸ್ ಒರೆಸುವ ಸದ್ದಷ್ಟೇ ಕೇಳಿಸಿತು.