ನಜ್ಲಾಳ ಪರವಾಗಿ

ಮೂವತ್ತೊಂದು ವರ್ಷ ಫಾಸ್ಫೇಟ್ ತುಂಬಿದ ಗೂಡ್ಸ್ ರೈಲು ಓಡಿಸಿದವನು ನಾನು. ಕೆಲಸದಲ್ಲಿ ಯಾರೋ ಹಾಕಿಟ್ಟ ಹಳಿಯ ಮೇಲೆ ತೆಪ್ಪಗೆ ಹೋಗುತ್ತಿದ್ದೆ. ಮನೆಯಲ್ಲಿ ಮಾತ್ರ ಹಳಿ ಹಾಕುವವನೂ ನಾನೇ, ಸಿಳ್ಳೆ ಊದುವವನೂ ನಾನೇ. ಇದು ನಮ್ಮೂರು ಮೆತ್ಲಾವಿಗೆಲ್ಲ ಗೊತ್ತಿತ್ತು. ಹಾಗಾಗಿ ನನ್ನ ಮಗಳು ನಜ್ಲಾ ಪುರಸಭೆಯ ಕಚೇರಿಯಲ್ಲಿ ನನ್ನ ಹೆಸರಿಗೆ ಅಧಿಕಾರಪತ್ರ ಬರೆದುಕೊಟ್ಟ ದಿನ ಅಲ್ಲಿಯ ಗುಮಾಸ್ತ ಮೊಹರು ಕೈಯಲ್ಲಿ ಹಿಡಿದು ಹಲ್ಲು ಕಿಸಿದ.

"ಬಲ್ಗಾಸೆಮ್, ಇದು ಗೂಡ್ಸ್ ಗಾಡಿ ಅಲ್ಲಪ್ಪ, ಮಗಳ ಜೀವನ. ನೋಡ್ಕೊಂಡು ಓಡ್ಸು."

"ನೀನು ಮೊಹರು ನೆಟ್ಟಗೆ ಒತ್ತು, ಸಾಕು," ಎಂದೆ.

ನಜ್ಲಾ ಡಾಕ್ಟರು. ತಮೆರ್ಝಾ ಎಂಬ ಗುಡ್ಡದ ಊರಿನ ಸಣ್ಣ ಆಸ್ಪತ್ರೆಯಲ್ಲಿ ಕೆಮ್ಮು, ಜ್ವರ, ಚೇಳು ಕಡಿತ ನೋಡುತ್ತಾಳೆ. ದೊಡ್ಡ ಡಾಕ್ಟರಾಗಬೇಕಾದರೆ ಇನ್ನೊಂದು ಪರೀಕ್ಷೆ ಬರೆಯಬೇಕು. ಅದರಲ್ಲಿ ಪಾಸಾದವರನ್ನೆಲ್ಲ ಒಂದು ದಿನ ರಾಜಧಾನಿ ಟ್ಯೂನಿಸ್‌ನ ವೈದ್ಯಕೀಯ ಕಾಲೇಜಿನ ದೊಡ್ಡ ಸಭಾಂಗಣದಲ್ಲಿ ಕೂರಿಸಿ, ಮೊದಲ ಸ್ಥಾನದಿಂದ ಶುರುಮಾಡಿ ಒಬ್ಬೊಬ್ಬರ ಹೆಸರು ಕೂಗುತ್ತಾರೆ. ಹೆಸರು ಬಂದವರು ಕೆಳಗಿಳಿದು ಹೋಗಿ ಯಾವ ವಿಭಾಗ, ಯಾವ ಊರು ಎಂದು ಮೈಕಿನಲ್ಲಿ ಹೇಳಬೇಕು. ಹೇಳಿದೊಡನೆ ಗೋಡೆಯ ಮೇಲಿನ ಪಟ್ಟಿಯಲ್ಲಿ ಆ ಜಾಗದ ಲೆಕ್ಕ ಒಂದು ಇಳಿಯುತ್ತದೆ. ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಈ ಸಲ ನಜ್ಲಾ ಇನ್ನೂರ ಮೂವತ್ತೊಂದನೆಯವಳು. ಆಯ್ಕೆಯ ದಿನಕ್ಕೆ ಅವಳೇ ಹೋಗಬೇಕಿತ್ತು. ಆದರೆ ಅವಳ ಜೊತೆಗಿದ್ದ ಇನ್ನೊಬ್ಬ ಡಾಕ್ಟರು ಎರಡು ವಾರದ ಹಿಂದೆ ಎಲ್ಲರ ಹಾಗೆ ಜರ್ಮನಿಗೆ ಹಾರಿದ್ದರಿಂದ ಅವಳಿಗೆ ರಜೆ ಸಿಗಲಿಲ್ಲ. ಅದಕ್ಕೇ ಅಧಿಕಾರಪತ್ರ. ಜೊತೆಗೆ ಒಂದು ಚೀಟಿ ಬರೆದುಕೊಟ್ಟಳು. ಮೊದಲನೆಯದು: ಕುಟುಂಬ ವೈದ್ಯ ವಿಭಾಗ, ಗಫ್ಸಾ. ಅದು ಮುಗಿದಿದ್ದರೆ ತೋಝರ್. ಅದೂ ಇಲ್ಲದಿದ್ದರೆ ಸ್ಫಾಕ್ಸ್.

ಚೀಟಿ ಓದಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಗಫ್ಸಾ ನಮ್ಮ ಮನೆಯಿಂದ ಮುಕ್ಕಾಲು ಗಂಟೆ. ಕಾಫಿ ಅಂಗಡಿಯಲ್ಲಿ ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ.

ಯಾಕೆಂದರೆ ಇದಕ್ಕೊಂದು ಹಳೆಯ ಕಥೆಯಿದೆ. ಹನ್ನೊಂದು ವರ್ಷದ ಹಿಂದೆ ಇದೇ ಪರೀಕ್ಷೆಯಲ್ಲಿ ಅವಳು ತೊಂಬತ್ತನೆಯವಳಾಗಿ ಪಾಸಾಗಿದ್ದಳು. ಒಂದು ಶುಕ್ರವಾರ ಕುಸ್ಕುಸ್ ತಿನ್ನುತ್ತಾ, "ಬಾಬಾ, ಅರಿವಳಿಕೆ ವಿಭಾಗ ತಗೋತೀನಿ, ಬಿಝರ್ತ್‌ನಲ್ಲಿ," ಎಂದಳು. ನಾನು ತಟ್ಟೆ ತಳ್ಳಿದೆ. "ಏಳು ವರ್ಷ ಓದ್ಸಿದ್ದು ಜನರನ್ನ ಮಲಗಿಸೋದಕ್ಕಾ? ಅದೂ ಒಬ್ಬಳೇ, ದೇಶದ ಆ ತುದೀಲಿ?" ಅವಳ ತಾಯಿ ನನ್ನ ತೋಳು ಜಗ್ಗಿದಳು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಜ್ಲಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು, ಆಯ್ಕೆಯ ದಿನ ಹೋಗಲೇ ಇಲ್ಲ.

ಮರುವರ್ಷ ಬರೆಯಬಹುದಿತ್ತು. ಅಷ್ಟರಲ್ಲಿ ಅವಳ ತಾಯಿಯ ಮೂತ್ರಪಿಂಡ ಕೈಕೊಟ್ಟಿತು. ನಾಲ್ಕು ವರ್ಷ, ವಾರಕ್ಕೆ ಮೂರು ಸಲ, ರಕ್ತ ಶುದ್ಧಿ ಮಾಡಿಸಲು ತಾಯಿಯನ್ನು ಗಫ್ಸಾಕ್ಕೆ ಕರೆದೊಯ್ದವಳು ನಜ್ಲಾ. ತಾಯಿ ತೀರಿಕೊಂಡ ಮೇಲೆ ನಜ್ಲಾ ಪರೀಕ್ಷೆ ಬರೆದಳು, ಫೇಲಾದಳು. ಇನ್ನೊಮ್ಮೆ ಬರೆದಳು, ಮತ್ತೆ ಫೇಲಾದಳು. ಪುಸ್ತಕ ಬಿಟ್ಟ ತಲೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಆಮೇಲೆ ತಮೆರ್ಝಾಕ್ಕೆ ಹೋಗಿ ಕೂತಳು. ಈ ವರ್ಷ ಊರಲ್ಲಿ ಯಾರಿಗೂ ಹೇಳದೆ ಬರೆದು, ಫಲಿತಾಂಶ ಬಂದ ಮೇಲೆ ನನಗೆ ತಿಳಿಸಿದಳು. "ಇದೇ ಕೊನೆ ಬಾಬಾ. ಇನ್ನು ನನ್ನ ಕೈಲಾಗಲ್ಲ," ಎಂದಳು. ಅವಳಿಗೀಗ ಮೂವತ್ತೇಳು.

ಹೀಗಿರುವಾಗ ಅವಳೇ ಗಫ್ಸಾ ಎಂದು ಬರೆದುಕೊಟ್ಟರೆ ನನಗೇನನ್ನಿಸಬೇಕು? ಅಂತೂ ಬುದ್ಧಿ ಬಂತು ಅನ್ನಿಸಿತು. ನನ್ನ ಮಾತೇ ಸರಿ ಎಂದು ಹನ್ನೊಂದು ವರ್ಷದ ಮೇಲಾದರೂ ಗೊತ್ತಾಯಿತಲ್ಲ ಅನ್ನಿಸಿತು. ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೆ ಅನ್ನಿಸಿದ್ದು ಹಾಗೇ.

ಆ ದಿನ ಬೆಳಿಗ್ಗೆ ಒಂಬತ್ತಕ್ಕೇ ಹೋಗಿ ಸಭಾಂಗಣದ ಮೇಲಿನ ಸಾಲಿನಲ್ಲಿ ಕೂತೆ. ಸುತ್ತ ಎಲ್ಲ ಇಪ್ಪತ್ತಾರು, ಇಪ್ಪತ್ತೇಳರ ಹುಡುಗ ಹುಡುಗಿಯರು. ಕೆಲವರ ಅಮ್ಮಂದಿರು ತಸ್ಬೀಹಿನ ಜಪಮಣಿ ಎಣಿಸುತ್ತಿದ್ದರು. ನನ್ನ ಪಕ್ಕದಲ್ಲಿ ಒಬ್ಬ ಹುಡುಗಿ ಬಂದು ಕೂತಳು. ಹೊಟ್ಟೆಗೆ ಏನೂ ತಿಂದಿಲ್ಲವೆಂದು ಮುಖವೇ ಹೇಳುತ್ತಿತ್ತು. ಚೀಲದಿಂದ ಖರ್ಜೂರ ತೆಗೆದುಕೊಟ್ಟೆ.

"ತಿನ್ನಮ್ಮ. ಬಿದ್ದುಗಿದ್ದೀಯಾ. ಇಲ್ಲಿರೋರೆಲ್ಲ ಡಾಕ್ಟರೇ, ಒಬ್ಬರ ಕೈಲೂ ಮಾತ್ರೆ ಇಲ್ಲ."

ಅವಳು ನಕ್ಕಳು. ಹೆಸರು ಯುಸ್ರ್, ಇನ್ನೂರ ಅರವತ್ತನೆಯವಳು. ನಾನು ಯಾರ ಪರವಾಗಿ ಬಂದಿದ್ದೇನೆಂದು ಹೇಳಿದೆನೋ ಇಲ್ಲವೋ, ಖರ್ಜೂರ ಬಾಯಲ್ಲಿಟ್ಟುಕೊಂಡೇ ನನ್ನ ಕೈ ಹಿಡಿದುಕೊಂಡಳು.

"ಡಾಕ್ಟರ್ ನಜ್ಲಾ ಅವರ ತಂದೆನಾ ನೀವು? ಅಯ್ಯೋ ಹಾಜಿ, ನಮ್ ಓದೋ ಗುಂಪಲ್ಲಿ ಹನ್ನೊಂದು ಜನ ಪಾಸಾಗಿದೀವಿ ಅಂದ್ರೆ ಅದು ಅವರಿಂದ! ದಿನಾ ಬೆಳಿಗ್ಗೆ ಆರಕ್ಕೆ ಫೋನಲ್ಲಿ ಪಾಠ ಹೇಳೋರು. ಅರಿವಳಿಕೆ ಬಂತು ಅಂದ್ರೆ ಮುಗೀತು, ಅವರನ್ನ ನಿಲ್ಸೋಕೇ ಆಗ್ತಿರ್ಲಿಲ್ಲ."

ನಾನಿನ್ನೂ ಮಕ್ಕಾಕ್ಕೆ ಹೋದವನಲ್ಲ. ಆದರೆ ಗಡ್ಡ ಬಿಳಿಯಾದ ಮೇಲೆ ಟ್ಯೂನಿಸ್‌ನಲ್ಲಿ ಎಲ್ಲರೂ ಪುಕ್ಕಟೆಯಾಗಿ ಹಾಜಿ ಮಾಡಿಬಿಡುತ್ತಾರೆ.

"ಅರಿವಳಿಕೆಯಾ? ಅದ್ರಲ್ಲೇನಿದೆ ಅಷ್ಟು ಹೇಳೋಕೆ?" ಎಂದೆ.

"ಮಲಗಿಸೋದನ್ನ ಯಾರು ಬೇಕಾದ್ರೂ ಕಲೀತಾರೆ, ಉಸಿರು ಉಸಿರಿಗೂ ಕಾವಲು ಕೂತು ವಾಪಸ್ ಎಬ್ಬಿಸೋದಿದೆಯಲ್ಲ, ಅದೇ ವಿದ್ಯೆ ಅನ್ನೋರು. ನೂರು ಸಲ ಹೇಳಿದಾರೆ."

ಖರ್ಜೂರದ ಪೊಟ್ಟಣ ಕಟ್ಟುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಅದು ನನಗೆ ಹೇಳಬೇಕಾಗಿದ್ದ ಉತ್ತರ. ಅವತ್ತು ನಾನು ತಟ್ಟೆ ತಳ್ಳದೆ ಇದ್ದಿದ್ದರೆ ನನಗೇ ಹೇಳುತ್ತಿದ್ದಳೇನೋ. ನನಗೆ ಹೇಳದ್ದನ್ನು ಹನ್ನೊಂದು ಜನ ಗುರುತಿಲ್ಲದ ಮಕ್ಕಳಿಗೆ ನೂರು ಸಲ ಹೇಳಿದ್ದಾಳೆ.

"ಬಿಝರ್ತ್‌ದು ಉಳೀಬೇಕು ಅಷ್ಟೇ," ಎಂದಳು ಯುಸ್ರ್, ಗೋಡೆಯ ಪಟ್ಟಿ ನೋಡುತ್ತಾ. "ಮೂರಿತ್ತು. ಈಗ ಎರಡಿದೆ."

"ಯಾವ ಬಿಝರ್ತ್? ಅವಳು ಬರ್ಕೊಟ್ಟಿರೋದು ಗಫ್ಸಾ."

ಹುಡುಗಿ ನನ್ನ ಮುಖ ನೋಡಿದಳು, ಆಮೇಲೆ ಫೋನು ತೆಗೆದಳು. ನಿಜವಾದ ಆಯ್ಕೆಗೆ ವಾರ ಮೊದಲು ಈ ಮಕ್ಕಳು ತಮ್ಮ ತಮ್ಮಲ್ಲೇ ಒಂದು ಅಣಕು ಆಯ್ಕೆ ನಡೆಸುತ್ತಾರಂತೆ. ಫೋನಿನಲ್ಲಿ ದೊಡ್ಡ ಪಟ್ಟಿ, ಪ್ರತಿಯೊಬ್ಬರೂ ತಮ್ಮ ಸ್ಥಾನದ ಎದುರು ತಮಗೆ ಬೇಕಾದ್ದನ್ನು ಬರೆಯುವುದು. ಮೇಲಿನವರು ಏನು ತೆಗೆದುಕೊಳ್ಳುತ್ತಾರೆ, ತಮಗೆ ಏನು ಉಳಿಯುತ್ತದೆ ಎಂದು ಲೆಕ್ಕ ಹಾಕುವುದಕ್ಕೆ. ಇನ್ನೂರ ಮೂವತ್ತೊಂದರ ಎದುರು ನನ್ನ ಮಗಳ ಹೆಸರಿತ್ತು. ಹೆಸರಿನ ಮುಂದೆ: ಅರಿವಳಿಕೆ, ಬಿಝರ್ತ್.

"ಆಮೇಲೆ ಮನಸ್ಸು ಬದಲಾಯ್ಸಿದಾರೇನೋ," ಎಂದಳು ಯುಸ್ರ್, ಸಣ್ಣ ದನಿಯಲ್ಲಿ.

ನನಗೆ ಅಷ್ಟು ಮಟ್ಟಿಗೆ ಲೆಕ್ಕ ಬರುತ್ತದೆ. ಅಣಕು ಆಯ್ಕೆಯಲ್ಲಿ ಬರೆದದ್ದು ಅವಳಿಗೆ ಬೇಕಾದದ್ದು. ನನ್ನ ಜೇಬಿನ ಚೀಟಿಯಲ್ಲಿ ಬರೆದದ್ದು ನನಗೆ ಬೇಕಾದದ್ದು.

ಚೀಟಿ ತೆಗೆದು ಮತ್ತೆ ಓದಿದೆ. ಚೀಟಿಯಲ್ಲಿದ್ದಂತೆ ಗಫ್ಸಾ ಎಂದರೆ ಯಾರೂ ನನ್ನತ್ತ ಬೆರಳು ತೋರಿಸುವಂತಿಲ್ಲ, ಅವಳದೇ ಅಕ್ಷರ. ಆದರೆ ಅವಳ ಬಾಳಿಗೆ ಎರಡನೆಯ ಸಲ ಕಲ್ಲು ಹಾಕಿದ ಹಾಗಾಗುತ್ತದೆ. ಹೋಗಲಿ, ಚೀಟಿ ಹರಿದುಹಾಕಿ ಬಿಝರ್ತ್ ಎಂದುಬಿಡಲೇ? ಆಗಲೂ ಅದೇ ಬಲ್ಗಾಸೆಮ್, ಅದೇ ಸಿಳ್ಳೆ. ಅವಳ ಪರವಾಗಿ ಮತ್ತೆ ನಾನೇ ತೀರ್ಮಾನ ಮಾಡಿದಂತೆ. ಯಾರಿಗೆ ಗೊತ್ತು, ಹುಡುಗಿ ಹೇಳಿದ ಹಾಗೆ ನಿಜವಾಗಿಯೂ ಮನಸ್ಸು ಬದಲಾಗಿದ್ದರೆ? ಅತ್ತ ದರಿ, ಇತ್ತ ಪುಲಿ.

ಇನ್ನೂರ ಇಪ್ಪತ್ತನಾಲ್ಕನೆಯ ಹುಡುಗ ಅರಿವಳಿಕೆ ಬಿಝರ್ತ್ ತೆಗೆದುಕೊಂಡ. ಪಟ್ಟಿಯಲ್ಲಿ ಒಂದು ಉಳಿಯಿತು. ಯುಸ್ರ್ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಇನ್ನೂರ ಇಪ್ಪತ್ತೊಂಬತ್ತು ಬಂತು, ಚರ್ಮರೋಗ ಎಂದಿತು. ಇನ್ನೂರ ಮೂವತ್ತು ಬಂತು, ಮೈಕಿನ ಮುಂದೆ ನಿಂತು ಯೋಚಿಸತೊಡಗಿತು. ಹಾಗೆ ನೋಡಿದರೆ ಆ ಹುಡುಗ ಬಿಝರ್ತ್‌ದನ್ನೇ ತೆಗೆದುಕೊಂಡಿದ್ದರೆ ನನ್ನ ಕಷ್ಟ ತೀರುತ್ತಿತ್ತು. ಆದರೂ ನಾನು ಬೇಡ, ಬೇಡ ಎಂದು ಗೊಣಗುತ್ತಿದ್ದುದು ನನಗೇ ಕೇಳಿಸಿತು. ಅವನು ಎಕ್ಸ್‌ರೇ ವಿಭಾಗ ಎಂದ.

"ನಜ್ಲಾ ಬಿಂತ್ ಬಲ್ಗಾಸೆಮ್!"

ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದೆ. ಮೇಜಿನ ಹಿಂದೆ ಕೂತಿದ್ದ ಹಿರಿಯ ಪ್ರೊಫೆಸರಮ್ಮ ಅಧಿಕಾರಪತ್ರ ಓದಿ, ನನ್ನ ಗುರುತಿನ ಚೀಟಿ ನೋಡಿ, ಮೈಕು ತೋರಿಸಿದರು.

"ಹೇಳಿ ಹಾಜಿ."

"ಒಂದ್ ನಿಮಿಷ ಕೊಡಿ ಅಮ್ಮ, ಫೋನ್ ಮಾಡ್ಬೇಕು."

"ಪತ್ರ ನಿಮ್ ಕೈಲಿದೆಯಲ್ಲ. ನೀವು ಹೇಳಿದ್ರೆ ಸಾಕು."

"ಪತ್ರ ನನ್ ಹತ್ರ ಇದೆ. ಮಗಳು ಅಲ್ಲಿದಾಳೆ."

ಅವರು ಕನ್ನಡಕದ ಮೇಲಿಂದ ನೋಡಿ, ಒಂದು ಬೆರಳು ಎತ್ತಿದರು. ಒಂದೇ ನಿಮಿಷ. ಫೋನು ಹೊಡೆದುಕೊಂಡಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಹಿಂದಿನಿಂದ ಯಾರೋ ಕೂಗಿದ: "ಹಾಜಿ, ಬೇಗ ಹೇಳಿ, ಅರಿವಳಿಕೆ ಇಲ್ದೇನೇ ನಮಗೆ ನಿದ್ದೆ ಹತ್ತಿದೆ!" ಸಭಾಂಗಣವೆಲ್ಲ ನಕ್ಕಿತು. ಅಷ್ಟರಲ್ಲಿ ಅವಳು ಎತ್ತಿದಳು. ಅತ್ತ ಕಡೆ ಒಂದು ಮಗು ಕಿರುಚುತ್ತಿತ್ತು.

"ಬಾಬಾ, ಏನಾಯ್ತು? ಗಫ್ಸಾ ಮುಗೀತಾ?"

"ಗಫ್ಸಾದ್ದು ಮೂರಿದೆ. ಬಿಝರ್ತ್‌ದು ಒಂದಿದೆ."

ಅತ್ತ ಮಗು ಕಿರುಚುತ್ತಲೇ ಇತ್ತು.

"ಚೀಟೀಲಿ ಬರ್ದಿದೀನಲ್ಲ ಬಾಬಾ."

"ಚೀಟಿ ಓದಿದೀನಿ. ಯುಸ್ರ್ ಫೋನಲ್ಲಿ ಇನ್ನೊಂದು ಪಟ್ಟಿ ಇತ್ತು, ಅದನ್ನೂ ಓದಿದೀನಿ."

"ಬಾಬಾ... ನಿಮ್ ಮೊಣಕಾಲು, ನಿಮ್ ಮಾತ್ರೆ. ನಾನು ಅಲ್ಲಿಗೆ ಹೋದ್ರೆ ಎರಡು ತಿಂಗಳಿಗೊಮ್ಮೆನೂ ಬರೋಕಾಗಲ್ಲ."

"ನಾನು ಬಸ್ಸಿನ ಟೈಮ್ ಕೇಳಿದ್ನಾ? ನಿಂಗೇನು ಬೇಕು ಅಂತ ಕೇಳ್ತಿದೀನಿ. ಗಫ್ಸಾ ಅಂದ್ರೆ ಗಫ್ಸಾ, ಸಂತೋಷವಾಗೇ ಹೇಳ್ತೀನಿ. ನಿಂಗೇನು ಬೇಕು, ನಜ್ಲಾ?"

"ಹಾಜಿ, ಸಮಯ," ಎಂದರು ಪ್ರೊಫೆಸರಮ್ಮ. ಆದರೆ ದನಿಯಲ್ಲಿ ಗಡಸಿರಲಿಲ್ಲ.

ಮಗುವಿನ ಅಳು ದೂರವಾಯಿತು. ಬಾಗಿಲು ಹಾಕಿಕೊಂಡಳೆಂದು ಕಾಣುತ್ತದೆ. "ಬಿಝರ್ತ್," ಎಂದಳು. ಅಷ್ಟು ಮೆಲ್ಲಗೆ ಹೇಳಿದ್ದನ್ನು ನಾನು ಹೇಗೆ ಇನ್ನೊಬ್ಬರಿಗೆ ದಾಟಿಸಲಿ? ಫೋನನ್ನು ಮೈಕಿನ ಬಾಯಿಗೆ ಹಿಡಿದೆ.

"ನೀನೇ ಹೇಳು. ಎಲ್ರಿಗೂ ಕೇಳ್ಸೋ ಹಾಗೆ."

ಒಂದು ಗಳಿಗೆ ಗೊರಗೊರ ಸದ್ದು. ಆಮೇಲೆ ನನ್ನ ಮಗಳ ದನಿ ಸಭಾಂಗಣದ ನಾಲ್ಕೂ ಗೋಡೆಗೆ ಬಡಿಯಿತು. "ಅರಿವಳಿಕೆ ಮತ್ತು ತೀವ್ರ ನಿಗಾ. ಬಿಝರ್ತ್."

ಪಟ್ಟಿಯಲ್ಲಿ ಒಂದು ಇದ್ದದ್ದು ಸೊನ್ನೆಯಾಯಿತು. ಮೇಲಿನ ಸಾಲಿನಿಂದ ಯುಸ್ರ್ ನಾಲಿಗೆ ಹೊರಳಿಸಿ ಝಗ್ರೂತ ಕೂಗಿದಳು, ಮದುವೆ ಮನೆಯಲ್ಲಿ ಹೆಂಗಸರು ಕೂಗುವ ಹಾಗೆ. ಮಣಿ ಎಣಿಸುತ್ತಿದ್ದ ಅಮ್ಮಂದಿರೂ ಸೇರಿಕೊಂಡರು. ಪ್ರೊಫೆಸರಮ್ಮ ಮೇಜು ಕುಟ್ಟಿ ಸುಮ್ಮನಿರಿಸಿ, ಸಹಿ ಹಾಕುವ ಜಾಗ ನನಗೆ ತೋರಿಸಿದರು. ಸಹಿ ಗೆರೆ ದಾಟಿ ಹೋಯಿತು.

ಹೊರಗೆ ಬಂದು ಕಲ್ಲು ಬೆಂಚಿನ ಮೇಲೆ ಕೂತೆ. ಮೈಯಿಂದ ಮೂಟೆ ಇಳಿಸಿದ ಹಾಗಿತ್ತು. ಅವಳ ತರಬೇತಿ ಮುಗಿಯುವ ತನಕ ಐದು ವರ್ಷ ಮನೆಯಲ್ಲಿ ಒಬ್ಬನೇ ಮಾತ್ರೆ ನುಂಗಬೇಕು, ಕಾಫಿ ಅಂಗಡಿಯವರ ಮುಂದೆ ತಲೆ ತಗ್ಗಿಸಿಕೊಂಡು ಗಫ್ಸಾದ ಮಾತು ವಾಪಸ್ ತೆಗೆದುಕೊಳ್ಳಬೇಕು. ತೆಗೆದುಕೊಂಡರಾಯಿತು.

ಅರ್ಧ ಗಂಟೆಗೆ ಫೋನು ಬಂತು. ಎತ್ತಿದೊಡನೆ ಶುರುಮಾಡಿದಳು.

"ಬಾಬಾ, ನಿಮಗೇನಾದ್ರೂ ತಲೆ ನೆಟ್ಟಗಿದೆಯಾ? ನಾನೂರು ಜನರ ಮುಂದೆ ಮೈಕಲ್ಲಿ ನನ್ ದನಿ ಕೇಳಿಸ್ತೀರಾ? ಆ ಪ್ರೊಫೆಸರ್ ಯಾರು ಗೊತ್ತಾ? ನಾಳೆ ಅವರ ಮುಂದೆ ನಾನು ಯಾವ ಮುಖ ಇಟ್ಕೊಂಡು ನಿಲ್ಲಲಿ? ಒಂದ್ ಮಾತು ಮೊದ್ಲೇ ಹೇಳ್ಬಾರ್ದಾ? ಯಾವಾಗ್ಲೂ ಹೀಗೇ ನೀವು! ಯಾವಾಗ್ಲೂ! ಅವತ್ತೂ ಹೀಗೇ..."

ಹನ್ನೊಂದು ವರ್ಷದಿಂದ ನನಗೆ ಅವಳ ಬಾಯಿಂದ ಸಿಕ್ಕಿದ್ದು 'ಹೂಂ ಬಾಬಾ', 'ಆಗ್ಲಿ ಬಾಬಾ', ಇವೆರಡೇ. ಅದನ್ನು ನಾನು ಮರ್ಯಾದೆ ಎಂದು ತಿಳಿದುಕೊಂಡಿದ್ದೆ. ಈಗ ಅವಳು ಅಳುತ್ತಾ, ಮಧ್ಯೆ ಮಧ್ಯೆ ನಗುತ್ತಾ, ಅವತ್ತಿನ ತಟ್ಟೆಯಿಂದ ಹಿಡಿದು ಇವತ್ತಿನ ಮೈಕಿನವರೆಗೆ ಒಂದೂ ಬಿಡದೆ ಬೈಯುತ್ತಿದ್ದಳು. ಊರಿಗೆ ಹೋಗುವ ಬಾಡಿಗೆ ಗಾಡಿ ಹನ್ನೆರಡೂವರೆಗೆ ಹೊರಡುತ್ತಿತ್ತು. ಅದು ಹೋದರೆ ಹೋಗಲಿ ಎಂದು ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡೆ.